ನೀಲಿಯಲ್ಲಿ ಬರೆದ ‘ಇಲ್ಲ’

ಆ ನಕ್ಷೆ ಕಚೇರಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಕಲಿಸುತ್ತಿದ್ದುದು ಅಕ್ಷಾಂಶವನ್ನಲ್ಲ, ರೇಖಾಂಶವನ್ನೂ ಅಲ್ಲ. ಎರಡು ಪೆನ್ಸಿಲು ಕೈಗೆ ಕೊಟ್ಟು ಒಂದೇ ಮಾತು ಹೇಳುತ್ತಿದ್ದರು: ಕೆಂಪು ಕಂಡರೆ ಅಳಿಸು, ನೀಲಿ ಕಂಡರೆ ಬರೆ. ತಿದ್ದುವವರು ಕರಡಚ್ಚಿನ ಮೇಲೆ ಕೆಂಪಿನಲ್ಲಿ ಗುರುತಿಸಿದ್ದು ನಕ್ಷೆಯಿಂದ ಹೋಗಬೇಕು. ನೀಲಿಯಲ್ಲಿ ಬರೆದುಕೊಟ್ಟಿದ್ದು ಅಕ್ಷರ ಬಿಡದೆ ನಕ್ಷೆಯ ಮೇಲೆ ಬರಬೇಕು. ಯಾಕೆ, ಏನು ಎಂದು ಕೇಳುವಂತಿಲ್ಲ. ಕೇಳುತ್ತ ಕೂತರೆ ಲೋಕದ ಇಪ್ಪತ್ತು ಸಾವಿರ ಊರುಗಳ ಹೆಸರು ಬರೆದು ಮುಗಿಸುವುದು ಯಾವ ಕಾಲಕ್ಕೆ?

ಈ ನಿಯಮವನ್ನು ಮೂವತ್ತಾರು ವರ್ಷ ಚಾಚೂ ತಪ್ಪದೆ ಪಾಲಿಸಿದವರು ಅಕ್ಷರದ ಮಾಮ. ನಕ್ಷೆಯ ಮೇಲಿನ ಹೆಸರುಗಳನ್ನು ಕೈಯಲ್ಲಿ ಬರೆಯುವುದು ಅವರ ಕೆಲಸ. ಅವರು ಬರೆದದ್ದನ್ನು ಭೂತಗನ್ನಡಿ ಹಿಡಿದು ನೋಡಿದರೂ ಒಂದು ಕೊಂಬು ಹೆಚ್ಚಿಲ್ಲ, ಒಂದು ದೀರ್ಘ ಕಡಿಮೆಯಿಲ್ಲ. ಹಾಗೆ ಗಾಜು ಹಿಡಿದು ನೋಡಿ ‘ಸರಿ’ ಎಂದು ಗುರುತು ಹಾಕುತ್ತಿದ್ದವರು ಅವರ ಹೆಂಡತಿ. ಕಚೇರಿಗೆಲ್ಲ ಆಕೆ ಕಣ್ಣಕ್ಕ. ಸಾಸಿವೆಯಷ್ಟು ತಪ್ಪೂ ಕಣ್ಣಕ್ಕನ ಕಣ್ಣಿಗೆ ಮಣ್ಣೆರಚಲಾರದು ಎನ್ನುವುದು ಅಲ್ಲಿ ಗಾದೆಯಾಗಿತ್ತು. ಮಾಮ ಆಕೆಗಿಂತ ಎರಡು ವರ್ಷ ಚಿಕ್ಕವರು. ಮದುವೆಯಾದ ಮೇಲೂ ಅಕ್ಕ ಎಂದೇ ಕರೆಯುತ್ತಿದ್ದರು. ಯಾರಾದರೂ ನಕ್ಕರೆ, “ಆಫೀಸಿನ ಹೆಸರು, ಮರೆತು ಮನೆಗೆ ತಂದುಬಿಟ್ಟೆ” ಎನ್ನುತ್ತಿದ್ದರು.

ಕಣ್ಣಕ್ಕ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಈಗ ಆಕೆಯ ಕುರ್ಚಿಯಲ್ಲಿ ಕೂರುತ್ತಿದ್ದವಳಿಗೆ ಕಚೇರಿ ಇಟ್ಟ ಹೆಸರು ಹೊಸಗಣ್ಣು. ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭೂಗೋಳ ಓದಿ ಬಂದವಳು. ಮೂವತ್ತು ದಾಟಿರಲಿಲ್ಲ. ಕೆಲಸಕ್ಕೆ ಸೇರುವ ಎರಡು ತಿಂಗಳ ಮೊದಲು ಅವಳ ಗಂಡ ತೀರಿಹೋಗಿದ್ದ. ಅದನ್ನು ಅರ್ಜಿಯ ಒಂದು ಸಾಲಿನಲ್ಲಿ ತುಂಬಿಕೊಟ್ಟಿದ್ದಳು. ಆಮೇಲೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೊಸ ಭೂಪಟ ಪುಸ್ತಕ ಅಚ್ಚಿಗೆ ಹೊರಟಿತ್ತು. ಹನ್ನೆರಡನೆಯ ಮುದ್ರಣ. ಈ ಸಲ ಹೆಸರುಗಳನ್ನೆಲ್ಲ ಕಂಪ್ಯೂಟರೇ ಬರೆಯುತ್ತಿತ್ತು. ಆದರೆ ಮೊದಲ ಎರಡು ಪುಟ ಮಾತ್ರ ಕೈಬರಹದಲ್ಲೇ ಇರಲಿ ಎಂದು ನಿರ್ದೇಶಕರು ಹಟ ಹಿಡಿದು, ನಿವೃತ್ತರಾಗಿ ಐದು ವರ್ಷವಾಗಿದ್ದ ಮಾಮನನ್ನು ಕರೆಸಿಕೊಂಡಿದ್ದರು. ಆ ಎರಡು ಪುಟದ ಹೆಸರು ‘ಕಥೆಯ ದ್ವೀಪಗಳು’. ಹಿಂದಿನವರು ನಂಬಿದ್ದ, ಹುಡುಕಿದ್ದ, ಕಾಣದೆ ಮರಳಿದ್ದ ದ್ವೀಪಗಳೆಲ್ಲ ಅಲ್ಲಿ ಒಂದೇ ಕಡಲಿನಲ್ಲಿ ಕೂಡಬೇಕು. ಪಟ್ಟಿ ಮಾಡಿ ನೀಲಿಯಲ್ಲಿ ಬರೆದುಕೊಡುವುದು ಹೊಸಗಣ್ಣಿನ ಕೆಲಸ, ಅಕ್ಷರ ಮಾಮನದು.

ನಡುವೆ ಜಂಬೂದ್ವೀಪ, ಅದರ ಸುತ್ತ ಬಳೆಯೊಳಗೆ ಬಳೆಯಿಟ್ಟಂತೆ ಪ್ಲಕ್ಷ, ಶಾಲ್ಮಲಿ, ಕುಶ, ಕ್ರೌಂಚ, ಶಾಕ, ಪುಷ್ಕರ. ಒಂದಕ್ಕಿಂತ ಒಂದು ಇಮ್ಮಡಿ. ನಡುನಡುವೆ ಉಪ್ಪಿನ ಕಡಲು, ಕಬ್ಬಿನ ರಸದ ಕಡಲು, ತುಪ್ಪದ ಕಡಲು, ಹಾಲಿನ ಕಡಲು. ಬಡಗಣ ತುದಿಯಲ್ಲಿ ತೂಲೆ. ಅಲ್ಲಿ ನೀರೂ ಗಾಳಿಯೂ ಬೆರೆತು ಗಟ್ಟಿಯಾಗಿ ದೋಣಿ ಮುಂದೆ ಹೋಗುವುದಿಲ್ಲವಂತೆ. ಪಡುವಣದಲ್ಲಿ ಒಂದೇ ಹಗಲು ಒಂದೇ ರಾತ್ರಿಯಲ್ಲಿ ಮುಳುಗಿದ ಅಟ್ಲಾಂಟಿಸ್. ಅದರಾಚೆ ಏಳು ವರ್ಷಕ್ಕೊಮ್ಮೆ ಮಂಜಿನಿಂದ ಮೇಲೆ ಬಂದು ಒಂದು ದಿನ ಇದ್ದು ಹೋಗುವ ದ್ವೀಪ. ಮೂಡಣದಲ್ಲಿ ಮುಪ್ಪಿಲ್ಲದವರ ಮೂರು ಗುಡ್ಡ. ಹಡಗು ಹತ್ತಿರ ಬಂದಷ್ಟೂ ಅವು ಹಿಂದೆ ಸರಿಯುತ್ತವೆ. ಇನ್ನೊಂದು ದ್ವೀಪದ ಮೇಲಿಳಿದು ನಾವಿಕರು ಒಲೆ ಹೊತ್ತಿಸಿದಾಗ ಅದು ಮಗ್ಗುಲು ಹೊರಳಿಸಿತಂತೆ, ತಿಮಿಂಗಿಲ.

“ಎಂಥ ಜನ ನೋಡು ತಾಯಿ,” ಎಂದರು ಮಾಮ, ನಿಬ್ಬನ್ನು ಬಟ್ಟೆಯಲ್ಲಿ ಒರೆಸುತ್ತ. “ಮನೆ ಹಿಂದಿನ ಗುಡ್ಡ ಹತ್ತಿ ನೋಡದವರು ಹಾಲಿನ ಕಡಲಿನ ಅಗಲ ಎಷ್ಟು ಅಂತ ಲೆಕ್ಕ ಹಾಕಿಟ್ಟಿದ್ದಾರೆ.”

“ಲೆಕ್ಕ ಸರಿಯಾಗೇ ಇದೆ ಮಾಮ. ಪ್ರತಿ ಸಲ ಎರಡರಿಂದ ಗುಣಿಸಿದ್ದಾರೆ. ಒಂದು ಕಡೆಯೂ ತಪ್ಪಿಲ್ಲ.”

“ಮತ್ತೆ! ಸುಳ್ಳಾದ್ರೂ ಶಿಸ್ತಾಗಿ ಹೇಳಬೇಕು.”

ಅವರು ಬರೆಯುವುದನ್ನು ನೋಡುವುದು ಅವಳಿಗೆ ದಿನದ ಒಂದು ಒಳ್ಳೆಯ ಹೊತ್ತು. ನೆಲದ ಹೆಸರು ನೆಟ್ಟಗೆ ನಿಲ್ಲಬೇಕು, ನೀರಿನ ಹೆಸರು ಬಲಕ್ಕೆ ವಾಲಬೇಕು, ಅದು ಕಟ್ಟುನಿಟ್ಟು. ಒತ್ತಕ್ಷರವನ್ನು ದಡದಿಂದ ಒಂದು ಕೂದಲೆಳೆಯಷ್ಟು ಮೇಲೆ ನಿಲ್ಲಿಸುತ್ತಿದ್ದರು. “ಕಾಲು ಒದ್ದೆಯಾಗಬಾರದು” ಎಂಬುದು ಅವರ ಕಾರಣ. ಉಸಿರು ಬಿಟ್ಟು, ಬಿಟ್ಟ ಮೇಲೆ ಬರೆದು, ಬರೆದ ಮೇಲೆ ಎಳೆದುಕೊಳ್ಳುತ್ತಿದ್ದರು. ಕಥೆಯ ದ್ವೀಪಗಳ ಹೆಸರನ್ನು ನಿಲ್ಲಿಸಬೇಕೋ ವಾಲಿಸಬೇಕೋ ಎಂದು ಎರಡು ದಿನ ಕೈಕಟ್ಟಿ ಯೋಚಿಸಿ, ಕೊನೆಗೆ ಒಂಚೂರೇ ವಾಲಿಸಿದರು. “ಮೊಣಕಾಲುದ್ದ ನೀರಲ್ಲಿ ನಿಂತವನ ಹಾಗೆ. ನಿಂತೂ ಇದ್ದಾನೆ, ಅಲ್ಲಾಡ್ತಾನೂ ಇದ್ದಾನೆ.”

ಪುಸ್ತಕಕ್ಕೆ ಒಂದು ಅರ್ಪಣೆಯ ಪುಟವೂ ಇತ್ತು. ನಿರ್ದೇಶಕರು ಎಲ್ಲರೆದುರು ಅದನ್ನು ಓದಿದ್ದರು: ಕಣ್ಣಕ್ಕನ ಹೆಸರು, ಕೆಳಗೆ ‘ಒಂದು ತಪ್ಪನ್ನೂ ಬಿಡದ ಕಣ್ಣಿಗೆ’. ಮಾಮ ಕನ್ನಡಕ ತೆಗೆದು ಒರೆಸಿದ್ದರು. ಮತ್ತೆ ಹಾಕಿಕೊಳ್ಳುವುದಕ್ಕೆ ತುಂಬ ಹೊತ್ತು ಹಿಡಿದಿತ್ತು.

ಹೀಗಿರುವಾಗ ಒಂದು ಸೋಮವಾರ, ಉಪಗ್ರಹದ ಅಣ್ಣ ಲೋಟ ಹಿಡಿದುಕೊಂಡು ಹೊಸಗಣ್ಣಿನ ಮೇಜಿಗೆ ಬಂದ. ಆಕಾಶದಿಂದ ತೆಗೆದ ಚಿತ್ರಗಳನ್ನು ಹಳೆಯ ನಕ್ಷೆಯ ಜೊತೆ ಹೋಲಿಸಿ ನೋಡುವುದು ಅವನ ಕೆಲಸ. ಚಹಾದ ನೆಪದಲ್ಲಿ ದಿನಕ್ಕೆ ಹತ್ತು ಸಲ ಕಚೇರಿ ಸುತ್ತುತ್ತಿದ್ದುದರಿಂದ ಆ ಹೆಸರು ಎರಡು ರೀತಿಯಲ್ಲೂ ಒಪ್ಪುತ್ತಿತ್ತು.

“ಒಂದು ದ್ವೀಪ ಇಲ್ಲ ಕಣಮ್ಮ,” ಎಂದ.

“ಯಾವುದು?”

“ಇಲ್ಲ.”

“ಯಾವುದು ಇಲ್ಲ ಅಂತ ಕೇಳಿದ್ದು.”

“ಅದನ್ನೇ ಹೇಳ್ತಿರೋದು. ಇಲ್ಲ ಇಲ್ಲ.”

“ಇಲ್ಲ ಇದೆ. ಮೂವತ್ತನಾಲ್ಕನೇ ಪುಟ, ಬಲಗಡೆ ಮೂಲೆ.”

“ಪುಟದಲ್ಲಿ ಇದೆ. ನೀರಲ್ಲಿ ಇಲ್ಲ. ಮೂರು ಸಾವಿರ ಮೀಟರು ಆಳ ಅಲ್ಲಿ. ಒಂದು ಬಂಡೆಯೂ ಇಲ್ಲ, ಹಕ್ಕಿ ಕೂರೋಕೆ ಒಂದು ಕಡ್ಡಿಯೂ ಇಲ್ಲ. ಇಲ್ಲ ಅಂದ್ರೆ ಶುದ್ಧ ಇಲ್ಲ.”

‘ಇಲ್ಲ’ ಆ ಭೂಪಟದ ಒಂದು ಪುಟ್ಟ ದ್ವೀಪ. ದೂರದ ಕಡಲಿನಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ಹೆಸರು. ನಲವತ್ತೊಂದು ವರ್ಷದಿಂದ, ಹನ್ನೊಂದು ಮುದ್ರಣಗಳಲ್ಲಿ ಅದು ಇತ್ತು. ಪುಸ್ತಕದ ಕೊನೆಯ ಪಟ್ಟಿಯಲ್ಲಿ ‘ಇಲ್ಲ: ಜನವಸತಿ ಇಲ್ಲ’ ಎಂದಿತ್ತು. ‘ಜನರಿಲ್ಲದ ಒಂದು ದ್ವೀಪವನ್ನು ಹೆಸರಿಸಿ’ ಎಂಬ ಪ್ರಶ್ನೆ ಶಾಲೆಗಳಲ್ಲಿ ಮಾಮೂಲು. ಉತ್ತರ ಗೊತ್ತಿಲ್ಲದೆ ‘ಇಲ್ಲ’ ಎಂದು ಬರೆದ ದಡ್ಡರಿಗೂ ಪೂರ್ತಿ ಅಂಕ. ಬೇರೆ ದೇಶದವರು ತಮ್ಮ ಲಿಪಿಯಲ್ಲಿ ಅದನ್ನು ಇಳಿಸಿಕೊಂಡಿದ್ದರು. ಒಬ್ಬ ವಿದ್ವಾಂಸರು ಪುರಾಣದ ಇಳಾವೃತದ ಹೆಸರೇ ಸವೆದು ‘ಇಲ್ಲ’ವಾಗಿದೆ ಎಂದು ನಲವತ್ತು ಪುಟದ ಲೇಖನ ಬರೆದಿದ್ದರು. ಹೊಸಗಣ್ಣು ಓದುವಾಗ ಅದಕ್ಕೆ ಟಿಪ್ಪಣಿಯನ್ನೂ ಮಾಡಿಕೊಂಡಿದ್ದಳು.

ನಿರ್ದೇಶಕರಿಗೆ ವಿಷಯ ಮುಟ್ಟಿತು. ಅವರು ತಮ್ಮ ಕಪಾಟಿನಿಂದ ಉದ್ದನೆಯ ಪುಸ್ತಕವೊಂದನ್ನು ತೆಗೆದು ಅವಳ ಮುಂದಿಟ್ಟರು. ನಕ್ಷೆಯಿಂದ ಏನೇ ತೆಗೆದರೂ ಅದರಲ್ಲಿ ಬರೆಯಬೇಕು. ಕಚೇರಿಯಲ್ಲಿ ಅದಕ್ಕೆ ಮುಳುಗಡೆ ಪುಸ್ತಕ ಎನ್ನುತ್ತಿದ್ದರು. ಹೆಸರು, ಜಾಗ, ಯಾವ ಮುದ್ರಣದಿಂದ ಇತ್ತು, ಕಾರಣ, ಸಹಿ.

“ಮುಳುಗಿಸೋಣ. ಆದ್ರೆ ಕಾರಣ ಬೇಕು,” ಎಂದರು. “ಇಲ್ಲದ್ದು ಹೇಗೆ ಬಂತು? ಬರೆದ ಕೈ ತಪ್ಪಿತೋ, ನೋಡಿದ ಕಣ್ಣು ತಪ್ಪಿತೋ? ಶುಕ್ರವಾರದೊಳಗೆ ಹುಡುಕು. ಗೊತ್ತಿಲ್ಲ ಅಂತ ಮಾತ್ರ ಬರೀಬೇಡ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ಈಗ ಗೊತ್ತಿಲ್ಲ ಅಂದ್ರೆ ಮುಖಕ್ಕೆ ಉಗೀತಾರೆ.”

ಅವಳು ಮೊದಲು ಮಾಡಿದ್ದು ಹಳೆಯ ಪುಸ್ತಕ ತೆಗೆದು, ಮೂವತ್ತನಾಲ್ಕನೇ ಪುಟದ ಮೇಲೆ ಗಾಜಿಟ್ಟಿದ್ದು. ಹೆಸರು ಚೊಕ್ಕವಾಗಿತ್ತು. ಆದರೆ ಆ ‘ಲ’ ಮಾಮನ ‘ಲ’ ಅಲ್ಲ. ಮಾಮನ ‘ಲ’ದ ತಲೆ ಚಪ್ಪಟೆ, ಇದರದು ಗುಂಡಗೆ, ಒಳಕ್ಕೆ ಒಂದು ಸುತ್ತು ಹೆಚ್ಚು. ಆ ಪುಟದಲ್ಲಿ ಇನ್ನೂರ ಆರು ಹೆಸರು, ಇದೊಂದೇ ಹೀಗೆ. ಎರಡು ವರ್ಷದಿಂದ ಆ ಸುತ್ತನ್ನು ಅವಳು ದಿನವೂ ನೋಡುತ್ತಿದ್ದಳು: ತನ್ನ ಮೇಜಿನ ಖಾನೆಯೊಳಗೆ ಅಂಟಿಸಿದ್ದ ಒಂದು ಹಳೆಯ ಚೀಟಿಯಲ್ಲಿ. ‘ಕೆಲಸದ ವೇಳೆ ಮಾತಿಲ್ಲ’ ಎಂದು ಕಣ್ಣಕ್ಕ ಬರೆದಿಟ್ಟದ್ದು.

ಬುಧವಾರ ಅವಳು ಉಗ್ರಾಣಕ್ಕೆ ಇಳಿದಳು. ಕಬ್ಬಿಣದ ಕಪಾಟು, ಅಗಲವಾದ ತೆಳು ಖಾನೆಗಳು, ಹಳೆಯ ಕಾಗದದ ವಾಸನೆ. ಮೊದಲ ಮುದ್ರಣದ ಕರಡಚ್ಚುಗಳ ಕಟ್ಟು ತಳದಲ್ಲಿತ್ತು. ಮೂವತ್ತನಾಲ್ಕನೇ ಹಾಳೆ ಬಿಚ್ಚಿ ದೀಪದ ಮೇಜಿನ ಮೇಲೆ ಹಾಸಿದಳು. ಬಲಗಡೆ ಮೂಲೆಯಲ್ಲಿ, ಬರೀ ನೀರಿರಬೇಕಾದ ಕಡೆ, ಒಂದು ಕಂದು ಚುಕ್ಕೆ. ಉಗುರಿನಿಂದ ಮುಟ್ಟಿದಳು. ಉಬ್ಬಿತ್ತು. ಮಸಿಯಲ್ಲ, ನೊಣದ ಹಿಕ್ಕೆ.

ಅದರ ಪಕ್ಕದಲ್ಲಿ ಗುಂಡನೆಯ ಅಕ್ಷರದಲ್ಲಿ ಯಾರೋ ಬರೆದಿದ್ದರು: ‘ಇಲ್ಲ’. ಇಲ್ಲಿ ದ್ವೀಪ ಇಲ್ಲ, ಇದನ್ನು ಅಳಿಸಿ ಎಂಬ ಅರ್ಥದಲ್ಲಿ. ಆದರೆ ಬರೆದದ್ದು ನೀಲಿಯಲ್ಲಿ.

ಕೆಂಪು ಅಳಿಸು, ನೀಲಿ ಬರೆ. ಬರೆಯುವವರು ಬರೆದಿದ್ದರು.

ಹೊಸಗಣ್ಣು ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಇಳಾವೃತ! ನಲವತ್ತು ಪುಟ! ಮೇಲಿನಿಂದ ಉಪಗ್ರಹದ ಅಣ್ಣ ಬಗ್ಗಿ, “ಏನಾಯ್ತಮ್ಮ? ಇಲಿ ಕಚ್ತಾ?” ಎಂದು ಕೂಗಿದ. ಅವಳ ನಗು ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ನಗು ನಿಂತ ಮೇಲೆ ಗುಂಡನೆಯ ಆ ‘ಲ’ ಅವಳನ್ನೇ ನೋಡುತ್ತಿತ್ತು. ಒಂದು ತಪ್ಪನ್ನೂ ಬಿಡದ ಕಣ್ಣಿಗೆ.

ಹಾಳೆಯನ್ನು ಸುತ್ತಿಕೊಂಡು ಅವಳು ಮಾಮನ ಮೇಜಿಗೆ ಹೋದಳು. ಮಾಮ ಹಾಲಿನ ಕಡಲಿನ ಹೆಸರು ಬರೆಯುತ್ತಿದ್ದರು. ಅವಳು ಬಾಯಿ ತೆರೆಯುವ ಮೊದಲೇ ಸುರುಳಿಯ ಅಂಚಿನ ಹಳದಿ ಬಣ್ಣ ನೋಡಿ ಪೆನ್ನು ಕೆಳಗಿಟ್ಟರು.

“ಸಿಕ್ತಾ?” ಎಂದರು.

“ನಿಮಗೆ ಗೊತ್ತಿತ್ತಾ ಮಾಮ?”

“ಹೆತ್ತವರಿಗೆ ಗೊತ್ತಿರಲ್ವಾ? ಕೂತ್ಕೋ.”

ಅವರು ಹೇಳಿದ್ದು ಹೀಗೆ.

“ಸೇರಿ ಎಂಟು ತಿಂಗಳಾಗಿತ್ತು. ಅಕ್ಕನ ಕೆಂಪು ಪೆನ್ಸಿಲ್ ಅವತ್ತು ಮುರಿದಿತ್ತಂತೆ; ಒಂದೇ ಮಾತು ತಾನೆ ಅಂತ ಕೈಗೆ ಸಿಕ್ಕಿದ್ದರಲ್ಲಿ ಬರೆದಿದ್ದಾಳೆ. ನನಗೆ ಬಂತು. ಇದೇನು ಹೆಸರಪ್ಪ ಅಂದ್ಕೊಂಡೆ. ಆದ್ರೆ ಅದೇ ಪುಟದಲ್ಲಿ ‘ಎಲ್ಲಿಸ್’ ಅಂತ ಒಂದು ದ್ವೀಪ ಇತ್ತು. ‘ಎಲ್ಲಿ’ ಇದ್ಮೇಲೆ ‘ಇಲ್ಲ’ ಇರಬಾರದಾ? ಬರೆದೆ, ಚುಕ್ಕೆ ಸಮೇತ. ಅಚ್ಚಿನ ಅವಸರ, ಆ ಹಾಳೆ ಮತ್ತೆ ಅಕ್ಕನ ಗಾಜಿನ ಕೆಳಗೆ ಬರಲೇ ಇಲ್ಲ.”

“ಅವರ ಅಕ್ಷರದ ಹಾಗೇ ಬರೆದಿದ್ದೀರಿ.”

ಮಾಮನ ಕಿವಿ ಕೆಂಪಾಯಿತು. ಅರವತ್ತೈದರ ಕಿವಿ. “ಕಣ್ಣು ಚುರುಕು ನಿಂದು. ಚೆನ್ನಾಗಿತ್ತಲ್ಲ ಅಕ್ಷರ, ಹಾಗೇ ಇಳಿಸಿದೆ. ವಯಸ್ಸು ಇಪ್ಪತ್ತನಾಲ್ಕು, ಇನ್ನೇನು ಮಾಡ್ತೀಯ.”

ಪುಸ್ತಕ ಅಚ್ಚಾಗಿ ಬಂದ ದಿನ ಕಣ್ಣಕ್ಕ ಪುಟ ತೆರೆದು ಹಿಡಿದುಕೊಂಡೇ ಬಂದರಂತೆ, ಮುಖದಲ್ಲಿ ರಕ್ತವಿಲ್ಲ.

“ಇದೇನಪ್ಪಾ ಇದು ಅಂದ್ಲು. ನೀವೇ ಬರೆದುಕೊಟ್ಟಿದ್ದಲ್ವಾ ಅಕ್ಕಾ ಅಂದೆ. ನಾನು ‘ಇಲ್ಲ’ ಅಂತ ಬರೆದೆ ಅಂದ್ಲು. ನಾನೂ ಅದನ್ನೇ ಬರೆದಿದ್ದೀನಿ ನೋಡಿ ಅಂದೆ. ನಿಂತಿದ್ದವಳು ಅಲ್ಲೇ ನೆಲದ ಮೇಲೆ ಕೂತು ನಕ್ಕುಬಿಟ್ಲು. ಆಮೇಲೆ ಅತ್ತಳು ಅನ್ನು. ಆಗಿನ ನಿರ್ದೇಶಕರು ಹುಲಿ. ಗೊತ್ತಾದ್ರೆ ಒಬ್ಬರ ಕೆಲಸ ಹೋಗೋದು, ಅಥವಾ ಇಬ್ಬರದೂ. ಮುಂದಿನ ಮುದ್ರಣದಲ್ಲಿ ಸದ್ದಿಲ್ಲದೆ ತೆಗೆಯೋಣ ಅಂದ್ಕೊಂಡ್ವಿ. ಅಷ್ಟರಲ್ಲಿ ಕಾಗದ ಬಂತು.”

“ಯಾರದು?”

“ಒಬ್ಬ ಹಡಗಿನ ಕ್ಯಾಪ್ಟನ್‌ದು. ನಿಮ್ಮ ‘ಇಲ್ಲ’ವನ್ನ ಕಂಡೆ, ಮೇಲೆ ತುಂಬ ಬಿಳಿ ಹಕ್ಕಿಗಳಿದ್ವು, ಆದ್ರೆ ನೀವು ಗುರುತಿಸಿದ್ದಕ್ಕಿಂತ ನಾಲ್ಕು ಮೈಲಿ ಮೂಡಕ್ಕಿದೆ, ದಯವಿಟ್ಟು ತಿದ್ದಿಕೊಳ್ಳಿ ಅಂತ!” ಮಾಮ ಮೇಜು ತಟ್ಟಿದರು. “ಮಂಜೋ, ಮೋಡದ ನೆರಳೋ, ಏನು ಕಂಡನೋ. ನೊಣ ಹಾಕಿದ ಮೊಟ್ಟೆಯಿಂದ ಹಕ್ಕಿ ಹಾರಿಬಿಡ್ತು ನೋಡು. ಹುಲಿ ಸಾಹೇಬರು ಖುಷಿಯಾಗಿ ಆ ಕಾಗದಕ್ಕೆ ಚೌಕಟ್ಟು ಹಾಕಿಸಿದ್ರು. ಇನ್ನು ತೆಗೆಯೋದು ಹೇಗೆ?”

ದ್ವೀಪಗಳು ಹುಟ್ಟುವುದು ಹೀಗೆಯೇ ಎಂದು ಹೊಸಗಣ್ಣು ಓದಿದ್ದಳು: ಮೋಡದಿಂದ, ತಿಮಿಂಗಿಲದ ಬೆನ್ನಿನಿಂದ, ನಕಲು ಮಾಡುವವನ ಕೈಯಿಂದ. ಆದರೆ ತೂಲೆಯ ತಾಯಿ ಯಾರು, ಹಾಲಿನ ಕಡಲನ್ನು ಮೊದಲು ಅಳೆದವನು ಯಾರು, ಯಾವ ಪುಸ್ತಕವೂ ಹೇಳುವುದಿಲ್ಲ. ಹುಟ್ಟಿದ ದಿನ, ಹೆತ್ತವರು, ಹೆಸರಿಟ್ಟ ಕೈ ಎಲ್ಲ ಗೊತ್ತಿರುವ ಒಂದು ದ್ವೀಪದ ಎದುರು ತಾನು ಕೂತಿದ್ದೇನೆ ಎಂದು ಅವಳಿಗೆ ಅನ್ನಿಸಿತು. ತುಂಬ ದಿನದ ಮೇಲೆ ಏನೋ ಒಂದು ಅನ್ನಿಸಿತು.

“ಮಾರನೇ ವರ್ಷ ನಾನೊಂದು ಚೀಟಿ ಬರೆದೆ,” ಮಾಮ ದನಿ ತಗ್ಗಿಸಿದರು. “ಬಾಯಲ್ಲಿ ಕೇಳೋ ಧೈರ್ಯ ಇರಲಿಲ್ಲ. ‘ನನ್ನನ್ನ ಮದುವೆ ಆಗ್ತೀರಾ’ ಅಂತ ಬರೆದು ಕರಡಚ್ಚಿಗೆ ಪಿನ್ನು ಹಾಕಿ ಕಳಿಸಿದೆ. ಸಂಜೆ ವಾಪಸ್ ಬಂತು. ಕೆಳಗೆ ಬರೆದಿದ್ದಳು, ‘ಇಲ್ಲ’ ಅಂತ.”

“ಅಯ್ಯೋ.”

“ನಾನೂ ಅಯ್ಯೋ ಅಂದೆ. ಅರ್ಧ ಗಂಟೆ ಹಾಗೇ ಕೂತಿದ್ದೆ. ಆಮೇಲೆ ನೋಡ್ತೀನಿ, ನೀಲಿ.”

ಮಾಮ ಸುರುಳಿಯ ಅಂಚನ್ನು ಬೆರಳಿನಿಂದ ಸವರಿದರು.

“ಪ್ರತಿ ಮುದ್ರಣಕ್ಕೂ ಅಕ್ಕ ಕೆಂಪು ಪೆನ್ಸಿಲ್ ಹಿಡಿದು ಆ ಮೂಲೆವರೆಗೂ ಹೋಗೋಳು. ಹತ್ತು ಸಲ. ಮೊದಮೊದಲು ಅಂಜಿಕೆಗೆ ಬಿಟ್ಟಳು. ಆಮೇಲೆ ಅಂಜಿಕೆ ಹೋಯ್ತು, ಕೈ ಬರಲಿಲ್ಲ. ಹೋಗುವಾಗ ನನಗೆ ಹೇಳಿದ್ಲು, ಆ ಒಂದು ತಿದ್ದುಪಡಿ ಬಾಕಿ ಇದೆ ಕಣೋ ಅಂತ. ಅದಕ್ಕೇ ಹೇಳ್ತೀನಿ, ಈಗ ತೆಗಿ. ಆದ್ರೆ ಕಾರಣದಲ್ಲಿ ನನ್ನ ಕೈ ತಪ್ಪಿತು ಅಂತ ಬರಿ.”

“ನಿಮ್ಮ ಕೈ ತಪ್ಪಿಲ್ಲ. ನೀಲಿ ಇದ್ರೆ ಬರೀಬೇಕು.”

“ಬರಿ ಅಂದ್ರೆ ಬರಿ. ನನ್ನ ಅಕ್ಷರ ಇಪ್ಪತ್ತು ಸಾವಿರ ಕಡೆ ಇದೆ ತಾಯಿ, ಒಂದು ತಪ್ಪು ಅಂದ್ರೆ ಏನೂ ಕೊರತೆಯಾಗಲ್ಲ. ಅವಳದು ಏನಿದೆ? ತಿದ್ದೋರ ಕೆಲಸ ಯಾರಿಗೆ ಕಾಣುತ್ತೆ? ತಪ್ಪು ಇಲ್ಲದ ಕಡೆ ಏನು ಅಂತ ಕಾಣಬೇಕು? ಅವಳಿಗೆ ಅಂತ ಇರೋದು ಆ ಅರ್ಪಣೆಯ ಒಂದು ಸಾಲು. ಅದನ್ನೂ ಕಿತ್ಕೋಬೇಡ.”

ಅವಳು ಆಗಲಿ ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ. ಸುಳ್ಳು ಬರೆಯಲು ಅವಳಿಗೆ ಬರುತ್ತಿರಲಿಲ್ಲ. ತಪ್ಪು ಹುಡುಕುವವಳು ತಾನೇ ಒಂದು ತಪ್ಪನ್ನು ಬರೆದು ಸಹಿ ಹಾಕುವುದು ಹೇಗೆ? ನಿಜ ಬರೆದರೆ ಆ ಸಾಲು ಹೋಗುತ್ತದೆ. ಮಾಮನ ಎದುರು ಮತ್ತೆ ಕೂರಲು ಮುಖವಿರುವುದಿಲ್ಲ.

ಗುರುವಾರ ಸಂಜೆ ಮನೆಯಲ್ಲಿ ಫೋನು ಬಂತು. ಗಂಡನ ಹೆಸರು ಹೇಳಿ, ಯಾವುದೋ ಹಳೆಯ ಪರಿಚಯದವರು, “ಇದ್ದಾರಾ?” ಎಂದರು.

“ಇಲ್ಲ,” ಎಂದಳು.

“ಎಷ್ಟು ಹೊತ್ತಿಗೆ ಬರ್ತಾರೆ?”

ಆ ಕಡೆಯವರು ತಾವೇ, “ಹೊರಗೆ ಹೋಗಿದ್ದಾರೇನೋ, ಆಮೇಲೆ ಮಾಡ್ತೀನಿ ಬಿಡಿ” ಎಂದು ಇಟ್ಟರು.

ಅವಳು ಅದೇ ಜಾಗದಲ್ಲಿ ನಿಂತಿದ್ದಳು. ಎರಡು ವರ್ಷದಲ್ಲಿ ಎಷ್ಟೋ ಸಲ ಹೇಳಿದ್ದ ಮಾತು. ಅವಳು ಹೇಳಿದ್ದು ನಿಜ. ಅವರು ಕೇಳಿಸಿಕೊಂಡದ್ದು ಇನ್ನೊಂದು. ಮಾತಿನಲ್ಲಿ ತಪ್ಪಿರಲಿಲ್ಲ. ಫೋನಿನ ಪಕ್ಕದಲ್ಲಿ ನೀಲಿ ಪೆನ್ಸಿಲೊಂದು ಬಿದ್ದಿತ್ತು. ಕಚೇರಿಯಿಂದ ಯಾವಾಗಲೋ ತಲೆಗೂದಲಿಗೆ ಸಿಕ್ಕಿಸಿಕೊಂಡು ಬಂದದ್ದು. ಅದನ್ನು ಚೀಲಕ್ಕೆ ಹಾಕಿಕೊಂಡಳು.

ಶುಕ್ರವಾರ ಹನ್ನೊಂದಕ್ಕೆ ನಿರ್ದೇಶಕರು ಕರೆದರು. ಹಿಂದೆಯೇ ಮಾಮನೂ ಬಂದು ಬಾಗಿಲಿಗೆ ಆತು ನಿಂತರು. ಅವಳು ಮುಳುಗಡೆ ಪುಸ್ತಕ ತೆರೆದು ಮೇಜಿನ ಮೇಲಿಟ್ಟಳು. ಮೇಲಿನ ಸಾಲುಗಳೆಲ್ಲ ಕಪ್ಪು ಮಸಿಯಲ್ಲಿ. ಕೊನೆಯ ಸಾಲಿನಲ್ಲಿ ಹೆಸರು, ಜಾಗ, ಮುದ್ರಣ. ಕಾರಣ ಎಂಬಲ್ಲಿ ಒಂದೇ ಮಾತು, ನೀಲಿ ಪೆನ್ಸಿಲಿನಲ್ಲಿ: ‘ಇಲ್ಲ’.

ನಿರ್ದೇಶಕರ ಹುಬ್ಬು ಮೇಲೇರಿತು. “ಇದೇನಮ್ಮ? ಕಾರಣ ಇಲ್ಲ ಅಂದ್ರೆ ಹೇಗೆ?”

“ಕಾರಣ ಇದೆ ಸಾರ್. ‘ಇಲ್ಲ’ ಅನ್ನೋದೇ ಕಾರಣ.”

“ತಮಾಷೆನಾ?”

ಅವಳು ಹಳೆಯ ಹಾಳೆಯನ್ನು ಬಿಡಿಸಿ, ಮೂಲೆಯ ಮೇಲೆ ಗಾಜಿಟ್ಟಳು. ನಿರ್ದೇಶಕರು ಬಗ್ಗಿದರು. ಚುಕ್ಕೆ ನೋಡಿದರು. ಅಕ್ಷರ ನೋಡಿದರು. ಅವರೂ ಒಂದು ಕಾಲಕ್ಕೆ ಕಣ್ಣಕ್ಕನ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಕಲಿತವರೇ. ಆ ‘ಲ’ ಯಾರದೆಂದು ಅವರಿಗೆ ಹೇಳಬೇಕಾಗಿರಲಿಲ್ಲ. ತುಂಬ ಹೊತ್ತು ಅವರ ತಲೆ ಮೇಲೇಳಲಿಲ್ಲ.

“ಕೈ ನಂದು ಸಾರ್,” ಎಂದರು ಮಾಮ ಬಾಗಿಲಿನಿಂದ. “ನಾನೇ ಯೋಚಿಸಬೇಕಿತ್ತು.”

“ಸುಮ್ನಿರಿ ಮಾಮ. ನೀಲಿ ಕಂಡ್ರೆ ಯೋಚಿಸಬೇಡ, ಬರಿ. ನನಗೆ ಅದನ್ನ ಕಲಿಸಿದ್ದೇ ಅವರು.” ನಿರ್ದೇಶಕರ ಹೆಗಲು ಅಲ್ಲಾಡುತ್ತಿತ್ತು. ತಲೆಯೆತ್ತಿದಾಗ ಕಣ್ಣಲ್ಲಿ ನೀರು. ನಗುತ್ತಿದ್ದರು. “ನಾಲ್ಕನೇ ಕ್ಲಾಸಲ್ಲಿ ನಾನು ಈ ದ್ವೀಪಕ್ಕೆ ಹಸಿರು ಬಣ್ಣ ಹಚ್ಚಿದ್ದೆ ಕಣ್ರೀ. ಕಾಡಿರಬೇಕು ಅಂತ. ನೊಣದ… ಥೂ!” ಆಮೇಲೆ ನಗು ಇಳಿಯಿತು. ಅರ್ಪಣೆಯ ಪುಟದ ಕರಡಚ್ಚು ಅವರ ಮೇಜಿನ ಮೇಲೇ ಇತ್ತು. ಅದನ್ನೊಮ್ಮೆ ನೋಡಿ ಮಾಮನ ಕಡೆ ನೋಡಲಾರದೆ ಕಿಟಕಿಯ ಕಡೆ ನೋಡಿದರು. “ಹಾಗಾದ್ರೆ ಇದು…”

“ಅದನ್ನೂ ತಿದ್ದಬೇಕು ಸಾರ್. ನನ್ನ ಕೆಲಸ ಅದು,” ಎಂದಳು ಹೊಸಗಣ್ಣು.

ಮಾಮ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಅವಳು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ‘ಒಂದು ತಪ್ಪನ್ನೂ ಬಿಡದ’ ಎಂಬುದರ ಮೇಲೆ ಕೆಂಪು ಗೆರೆ ಎಳೆದಳು. ಹೆಸರನ್ನು ಹಾಗೇ ಬಿಟ್ಟಳು. ‘ಕಣ್ಣಿಗೆ’ ಎಂಬುದನ್ನೂ ಬಿಟ್ಟಳು. ಪೆನ್ಸಿಲು ಬದಲಿಸಿ, ಖಾಲಿಯಾದ ಜಾಗದ ಮೇಲೆ ನೀಲಿಯಲ್ಲಿ ಬರೆದಳು: ‘ಇಲ್ಲವನ್ನು ಕಂಡ’.

“ಹನ್ನೊಂದು ಮುದ್ರಣದಲ್ಲಿ ಅವರ ಕೈಯ ಮಾತು ನಕ್ಷೆ ಮೇಲೆ ಬಂದಿರೋದು ಇದೊಂದೇ,” ಎಂದಳು. ಅವಳ ಮಟ್ಟಿಗೆ ಅದು ಭಾಷಣ. “ಬಾಕಿಯೆಲ್ಲ ಅವರು ಅಳಿಸಿದ್ದು. ಕಾಣಲ್ಲ.”

ನಿರ್ದೇಶಕರು ಎರಡು ಸಲ ಓದಿದರು. ಆಮೇಲೆ ಮುಳುಗಡೆ ಪುಸ್ತಕವನ್ನು ಎಳೆದುಕೊಂಡು ನೀಲಿ ‘ಇಲ್ಲ’ದ ಪಕ್ಕದಲ್ಲಿ ಸಹಿ ಹಾಕಿದರು. “ಮೂವತ್ತನಾಲ್ಕನೇ ಪುಟದಿಂದ ತೆಗೀರಿ,” ಎಂದರು. “ಮೊದಲನೇ ಪುಟಕ್ಕೆ ಹಾಕಿ. ಕಥೆಯ ದ್ವೀಪ ಅಂದ್ರೆ ಇದಕ್ಕಿಂತ ಬೇಕಾ? ಅಟ್ಲಾಂಟಿಸ್‌ಗೆ ಇಂಥ ದಾಖಲೆ ಇದೆಯಾ?”

ಹೊರಗೆ ಬಂದ ಮೇಲೆ ಮಾಮ ಅವಳ ತಲೆಯ ಮೇಲೆ ಕೈಯಿಟ್ಟು, ತೆಗೆದು, “ಒಳ್ಳೇ ಕುರ್ಚಿ ಅದು” ಎಂದರು, ಅಷ್ಟೇ.

ಮಧ್ಯಾಹ್ನ ಮಾಮ ಮೇಜು ಒರೆಸಿಕೊಂಡು ಕೂತರು. ಹಾಲಿನ ಕಡಲಿಗೂ, ಏಳು ವರ್ಷಕ್ಕೊಮ್ಮೆ ಮೇಲೇಳುವ ದ್ವೀಪಕ್ಕೂ ನಡುವೆ ಹೆಬ್ಬೆರಳಗಲ ಜಾಗ ಉಳಿದಿತ್ತು. ಹೊಸಗಣ್ಣು ನಿಯಮದಂತೆ ಚೀಟಿಯಲ್ಲಿ ನೀಲಿಯಲ್ಲಿ ಬರೆದುಕೊಟ್ಟಳು. ಮಾಮ ಅದನ್ನು ದೂರ ಹಿಡಿದು ನೋಡಿದರು.

“ನಿನ್ನ ‘ಲ’ ಏನೇನೂ ಸಾಲದು,” ಎಂದು ಪಕ್ಕಕ್ಕಿಟ್ಟು, ಉಸಿರು ಬಿಟ್ಟು, ನೆನಪಿನಿಂದಲೇ ಬರೆದರು. ಗುಂಡನೆಯ ತಲೆ, ಒಳಕ್ಕೆ ಒಂದು ಸುತ್ತು ಹೆಚ್ಚು. ಒತ್ತಕ್ಷರದ ಕಾಲು ನೀರಿಗೆ ತಾಗದಂತೆ. ಒಂಚೂರೇ ವಾಲಿಸಿ.

ಉಪಗ್ರಹದ ಅಣ್ಣ ಲೋಟದೊಂದಿಗೆ ಈ ಕಕ್ಷೆಗೆ ಬಂದಿದ್ದ. “ಹೆಸರಾಯ್ತು. ಚುಕ್ಕೆ? ನೊಣಕ್ಕೆ ಹೇಳಿ ಕಳಿಸ್ಲಾ ಮಾಮ?”

“ನೀನೇ ಸಾಕು ಬಿಡೋ, ಸುತ್ತೋದು ಅದರ ಹಾಗೇ ಸುತ್ತುತ್ತೀಯ,” ಎಂದು ಮಾಮ ನಿಬ್ಬಿನ ತುದಿಯನ್ನು ಕಾಗದಕ್ಕೆ ತಾಗಿಸಿ ಎತ್ತಿದರು. ಕಂದು ಮಸಿಯ ಒಂದು ಚುಕ್ಕೆ ನಿಂತಿತು. ಹಾಳೆಯನ್ನು ತಿರುಗಿಸಿ ಅವಳ ಕಡೆ ಸರಿಸಿದರು. “ನೋಡು.”

ಹೊಸಗಣ್ಣು ಗಾಜಿಟ್ಟು ಬಗ್ಗಿದಳು. ಇನ್ನೂ ಒದ್ದೆಯಿದ್ದ ಅಕ್ಷರ ದೀಪಕ್ಕೆ ಹೊಳೆಯುತ್ತಿತ್ತು. ನೋಡಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದಳು. ತಪ್ಪಿರಲಿಲ್ಲ. ಪಕ್ಕದ ಅಂಚಿನಲ್ಲಿ ‘ಸರಿ’ ಎಂದು ಗುರುತು ಹಾಕಿದಳು.